ಸ್ಟ್ಯಾಂಡರ್ಡ್ ಅಕ್ಕನ ರಕ್ತ

ಹನಿ ಮುಳುಗಲಿಲ್ಲ. ನೀಲಿ ನೀರಿನ ಮೇಲೆ ಬಿದ್ದು ಅರ್ಧ ಬೆರಳಿನಷ್ಟು ಕೆಳಗಿಳಿಯಿತು, ಏನೋ ಮರೆತು ಬಂದವರಂತೆ ಅಲ್ಲೇ ನಿಂತಿತು, ಮತ್ತೆ ಮೆಲ್ಲಗೆ ಮೇಲಕ್ಕೆ ಬಂತು.

"ತೇಲ್ತಿದೆಯಲ್ರೀ," ಎಂದಳು ರಕ್ತದಾನದ ಕೋಣೆಯ ನರ್ಸ್.

"ನಿಮ್ಮ ನೀರು ಹಳೇದಿರಬೇಕು."

"ಬೆಳಿಗ್ಗೆ ತಾನೇ ಕಲಸಿದ್ದು. ನಿಮಗಿಂತ ಮುಂಚೆ ಹದಿನೇಳು ಜನ ಮುಳುಗಿದ್ದಾರೆ. ತೇಲಿದ್ದು ನೀವೊಬ್ರೇ."

ಹಿಂದೆ ಸಾಲಿನಲ್ಲಿದ್ದ ಆಸ್ಪತ್ರೆಯ ಡ್ರೈವರ್ ನಕ್ಕ. ಇನ್ನೊಂದು ಬೆರಳು ಚುಚ್ಚಿ ಎಂದೆ. ಚುಚ್ಚಿದಳು. ಎರಡನೆಯ ಹನಿ ಅರ್ಧ ಬೆರಳೂ ಇಳಿಯಲಿಲ್ಲ.

ಈ ಪರೀಕ್ಷೆಯಲ್ಲಿ ವಾದಕ್ಕೆ ಜಾಗವಿಲ್ಲ. ತಾಮ್ರದ ಉಪ್ಪು ಬೆರೆಸಿದ ನೀರು. ರಕ್ತದಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ಇದ್ದರೆ ಹನಿ ಭಾರವಾಗಿ ತಳ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಇದೇ ಹೆರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನನ್ನ ಹಿಮೋಗ್ಲೋಬಿನ್ ಎಷ್ಟು ಎಂದೂ ನನಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ ಎಂಟಕ್ಕೆ ಹದಿಮೂರು ಪಾಯಿಂಟ್ ಎರಡು. ಅದರ ಹಿಂದಿನ ದಿನವೂ ಹದಿಮೂರು ಪಾಯಿಂಟ್ ಎರಡು. ಏಳು ತಿಂಗಳಿಂದ ಒಂದು ದಿನವೂ ತಪ್ಪದೆ ಅಷ್ಟೇ.

ನರ್ಸ್ ಕಾರ್ಡಿನಲ್ಲಿ ಬರೆಯತೊಡಗಿದಳು. 'ಸದ್ಯಕ್ಕೆ ರಕ್ತ ಪಡೆಯುವಂತಿಲ್ಲ. ಕಾರಣ: ರಕ್ತಹೀನತೆ.'

"ಆ ಪದ ಬರೀಬೇಡಿ," ಎಂದೆ. "ಅದು ಡಾಕ್ಟರು ಬರೆಯೋ ಪದ. ನಾವು ಅಂಕಿ ಮಾತ್ರ ಬರೀತೀವಿ."

"ನಿಮ್ಮ ಲ್ಯಾಬಲ್ಲಿ ಬರೀಬೇಡಿ. ಇಲ್ಲಿ ಕಾರಣ ಅಂತ ಒಂದು ಕಾಲಂ ಇದೆ, ಅದನ್ನ ತುಂಬಬೇಕು. ಏನು ಬರೀಲಿ ಮತ್ತೆ, ತೇಲಿಕೆ ಅಂತ ಬರೀಲಾ?"

ಕಾರ್ಡನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ನೆಲಮಾಳಿಗೆಯಿಂದ ಲ್ಯಾಬಿಗೆ ಮೂವತ್ತೆರಡು ಮೆಟ್ಟಿಲು. ಹದಿನಾರರ ಹತ್ತಿರ ಗೋಡೆಯಲ್ಲಿ ಬೆಂಕಿ ಆರಿಸುವ ಕ್ರಮದ ಬಗ್ಗೆ ಒಂದು ಫಲಕವಿದೆ. ಕೆಲವು ತಿಂಗಳಿಂದ ಅಲ್ಲಿ ನಿಂತು ಅದನ್ನು ಓದುವುದು ನನಗೆ ಅಭ್ಯಾಸವಾಗಿತ್ತು. ಬೆಂಕಿ ಹತ್ತಿದರೆ ಈ ಆಸ್ಪತ್ರೆಯಲ್ಲಿ ನನ್ನಷ್ಟು ಚೆನ್ನಾಗಿ ಆರಿಸುವವರು ಯಾರೂ ಇರಲಾರರು. ಎದೆ ಹೊಡೆದುಕೊಳ್ಳುವುದು ನಿಂತ ಮೇಲೆ ಮುಂದಿನ ಹದಿನಾರು. ವಯಸ್ಸು ನಲವತ್ತಾರು, ತಿಂಗಳ ಸ್ರಾವ ವಾರಗಟ್ಟಲೆ ಹೋಗುತ್ತಿತ್ತು, ಮನೆಯಲ್ಲಿ ಕೆಲಸ ಮುಗಿಯುತ್ತಿರಲಿಲ್ಲ. ಸುಸ್ತಿಗೆ ಕಾರಣ ಹುಡುಕಲು ನನಗೆ ಯಾವತ್ತೂ ತೊಂದರೆಯಾಗಿರಲಿಲ್ಲ. ರಕ್ತವೊಂದನ್ನು ಮಾತ್ರ ನಾನು ಆ ಪಟ್ಟಿಯಿಂದ ಹೊಡೆದುಹಾಕಿದ್ದೆ.

ಏಕೆಂದರೆ ನಮ್ಮ ಲ್ಯಾಬಿನಲ್ಲಿ ನಾನೇ ಅಳತೆಗೋಲು.

ಹಿಮೋಗ್ಲೋಬಿನ್ ಅಳೆಯುವ ಯಂತ್ರವನ್ನು ದಿನಾ ಬೆಳಿಗ್ಗೆ ಪರೀಕ್ಷಿಸಬೇಕು. ಅದಕ್ಕೆ ಕಂಪನಿಯಿಂದ ಒಂದು ಬಾಟಲಿ ಬರುತ್ತದೆ, ಒಳಗೆ ಅಳತೆ ಗೊತ್ತಿರುವ ರಕ್ತ. ಯಂತ್ರ ಆ ಅಳತೆಯನ್ನೇ ತೋರಿಸಿದರೆ ಸರಿ, ಇಲ್ಲದಿದ್ದರೆ ಗುಣಕವನ್ನು, ಅಂದರೆ ಯಂತ್ರ ತನ್ನ ಲೆಕ್ಕವನ್ನು ಗುಣಿಸುವ ಅಂಕಿಯನ್ನು, ಸ್ವಲ್ಪ ಏರಿಸಿಯೋ ಇಳಿಸಿಯೋ ಸರಿಮಾಡಬೇಕು. ಏಳು ತಿಂಗಳ ಹಿಂದೆ ಬಾಟಲಿ ಬರುವುದು ನಿಂತಿತು. ಕೊನೆಯ ಬಾಟಲಿಯ ಜೊತೆ ನನ್ನ ರಕ್ತವನ್ನೂ ಯಂತ್ರಕ್ಕೆ ಕೊಟ್ಟು ನೋಡಿದ್ದರು, ಹದಿಮೂರು ಪಾಯಿಂಟ್ ಎರಡು ಬಂದಿತ್ತು. ಮುಂದಿನ ಬಾಟಲಿ ಬರುವವರೆಗೆ ಇವಳನ್ನೇ ಇಟ್ಟುಕೊಳ್ಳಿ ಎಂದರು ನಮ್ಮ ಮುಖ್ಯಸ್ಥರಾದ ಡಾಕ್ಟರು. ಅವತ್ತಿನಿಂದ ಬೆಳಿಗ್ಗೆ ಎಂಟಕ್ಕೆ ನನ್ನಿಂದ ಎರಡು ಮಿಲಿ ತೆಗೆದು ಯಂತ್ರಕ್ಕೆ ಕೊಡುವುದು ರೂಢಿಯಾಯಿತು. ಎಲ್ಲರೂ ನನ್ನನ್ನು ಸ್ಟ್ಯಾಂಡರ್ಡ್ ಅಕ್ಕ ಎಂದು ಕರೆಯತೊಡಗಿದರು. ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಯಂತ್ರ ನೋಡಿಕೊಳ್ಳುವವರನ್ನು ಮೆಷಿನ್ ಮಾಮ ಎನ್ನುತ್ತೇವೆ. ನನಗಿಂತ ಹನ್ನೊಂದು ವರ್ಷ ಹಿರಿಯರು. ಯಂತ್ರದ ಮೇಲೆ ಟೀ ಲೋಟ ಇಟ್ಟವರ ಜೊತೆ ವಾರಗಟ್ಟಲೆ ಮಾತು ಬಿಡುತ್ತಾರೆ.

"ಏನು ಸ್ಟ್ಯಾಂಡರ್ಡ್, ದಾನ ಮಾಡಿ ಬಂದ್ಯಾ? ಬಾಳೆಹಣ್ಣು ಕೊಟ್ರಾ?"

"ಮಾಮ, ಇವತ್ತು ಬೆಳಿಗ್ಗೆ ನನ್ನದು ಮೊದಲ ಸಲ ಹಾಕಿದಾಗ ಎಷ್ಟು ಬಂತು?"

"ಹದಿಮೂರು ಪಾಯಿಂಟ್ ಎರಡು."

"ಅದು ಸರಿಮಾಡಿದ ಮೇಲೆ. ಅದಕ್ಕಿಂತ ಮುಂಚೆ?"

ಅವರು ಕನ್ನಡಕ ಮೇಲೆ ಸರಿಸಿದರು. "ಹದಿಮೂರು ಪಾಯಿಂಟ್ ಒಂದು ಇತ್ತೇನೋ. ಒಂದು ಕಡ್ಡಿ ಏರಿಸಿದೆ."

"ನಿನ್ನೆ?"

"ನಿನ್ನೆ ಸರಿಯಾಗೇ ಇತ್ತು. ಮೊನ್ನೆ ಏರಿಸಿದ್ದೆ. ಯಾಕೆ?"

"ಯಾವತ್ತಾದ್ರೂ ಇಳಿಸಿದ್ದೀರಾ?"

ಅವರು ಯಂತ್ರದ ಪಕ್ಕದ ಪುಸ್ತಕವನ್ನು ಎಳೆದುಕೊಂಡು ಹಿಂದಕ್ಕೆ ಮಗುಚಿದರು. ಪ್ರತಿ ಪುಟದಲ್ಲೂ ಒಂದೇ ಸಾಲು: ಸ್ಟ್ಯಾಂಡರ್ಡ್ 13.2, ಸರಿ ಇದೆ. ಸರಿಮಾಡುವ ಮೊದಲು ಬಂದ ಅಂಕಿಯನ್ನು ಅವರು ಎಲ್ಲೂ ಬರೆದಿರಲಿಲ್ಲ. ತಪ್ಪಾಗಿ ಬಂದದ್ದನ್ನು ಪುಸ್ತಕದಲ್ಲಿ ಯಾಕೆ ಬರೆಯಬೇಕು ಎನ್ನುವುದು ಅವರ ಕ್ರಮ. ಗೋಡೆಯ ಗಡಿಯಾರವನ್ನು ಕೈಗಡಿಯಾರ ನೋಡಿ ದಿನಾ ಸರಿಮಾಡಿದ ಹಾಗಾಗಿತ್ತು; ಹಿಂದೆ ಬೀಳುತ್ತಿದ್ದದ್ದು ಕೈಗಡಿಯಾರ.

"ನೀನು ಇಳೀತಿದ್ದೆ," ಎಂದರು ಮಾಮ ಪುಸ್ತಕ ಮುಚ್ಚಿ. "ನಾನು ಯಂತ್ರ ಏರಿಸ್ತಿದ್ದೆ."

"ಹಳೇ ಗಾಜಿನ ಕೊಳವೆ ಎಲ್ಲಿದೆ?"

ಅದು ಬೀರುವಿನ ಮೇಲಿನ ಅರೆಯಲ್ಲಿ ಹಳೆಯ ಕ್ಯಾಲೆಂಡರುಗಳ ಹಿಂದೆ ಇತ್ತು. ಎರಡು ಕಂದು ಗಾಜಿನ ಪಟ್ಟಿಗಳ ನಡುವೆ ಗೆರೆ ಕೊರೆದ ಕೊಳವೆ. ಯಂತ್ರ ಬರುವ ಮೊದಲು ಎಲ್ಲರೂ ಇದರಲ್ಲೇ ಅಳೆಯುತ್ತಿದ್ದರು. ಆಮ್ಲದಲ್ಲಿ ಒಂದು ಹನಿ ರಕ್ತ ಬೆರೆಸಿ ಹತ್ತು ನಿಮಿಷ ಕಾಯಬೇಕು, ಕೆಂಪು ಹೋಗಿ ಕಂದಾಗುತ್ತದೆ. ಆಮೇಲೆ ಪಕ್ಕದ ಪಟ್ಟಿಯ ಬಣ್ಣಕ್ಕೆ ಸಮವಾಗುವವರೆಗೆ ಹನಿ ಹನಿಯಾಗಿ ನೀರು ಸೇರಿಸುತ್ತ ಹೋಗಬೇಕು. ನೀರು ಎಲ್ಲಿಗೆ ಬಂದಿದೆಯೋ ಅದೇ ಅಳತೆ. ಕಣ್ಣನ್ನು ನಂಬಬೇಕು, ಅಷ್ಟೆ.

ನನ್ನ ರಕ್ತ ಬೆರೆಸಿಟ್ಟು ಹತ್ತು ನಿಮಿಷ ಸ್ಟೂಲಿನ ಮೇಲೆ ಕೂತಿದ್ದೆ. ಕೂತ ಕೂಡಲೇ ನಿದ್ದೆ ಒತ್ತಿಕೊಂಡು ಬಂತು. ಹೀಗೆ ನಿದ್ದೆ ಬರುವಾಗೆಲ್ಲ ಅತ್ತೆ ನನ್ನನ್ನು ಬೈಯುತ್ತಿರಲಿಲ್ಲ. ದುಡಿದು ಬಂದವಳು ಎನ್ನುತ್ತಿದ್ದರು. ಬೈಗುಳವೆಲ್ಲ ನನ್ನ ಓರಗಿತ್ತಿಗೆ ಮೀಸಲು.

ಮೈದುನನ ಹೆಂಡತಿ ಅವಳು, ಏಳು ತಿಂಗಳ ಬಸುರಿ. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಪಾತ್ರೆ ತೊಳೆಯುತ್ತ ನಡುವೆ ನೆಲಕ್ಕೆ ಕೂತುಬಿಡುತ್ತಾಳೆ, ಬಟ್ಟೆ ಹರವಲು ಹೋದವಳು ಹಗ್ಗ ಹಿಡಿದು ನಿಲ್ಲುತ್ತಾಳೆ. ಎರಡು ತಿಂಗಳ ಹಿಂದೆ ತನಗೆ ರಕ್ತ ಕಡಿಮೆ ಇರಬಹುದು ಎಂದಳು. ಅದಕ್ಕೆ ಅತ್ತೆ, "ಮೈಗೆ ಕಡಿಮೆ ಇರಬಹುದು, ನಾಲಿಗೆಗಂತೂ ಧಾರಾಳವಾಗಿದೆ," ಎಂದಿದ್ದರು. ನಮ್ಮ ಮನೆಯಲ್ಲಿ ರಕ್ತ ಕಡಿಮೆ ಎನ್ನುವ ಮಾತಿನ ಬಳಕೆಯೇ ಹಾಗೆ: ಕೆಲಸ ತಪ್ಪಿಸಿಕೊಳ್ಳುವವರು ಕೊಡುವ ನೆಪದ ಹೆಸರು. ನಾನೇ ಅವಳನ್ನು ಕರೆತಂದು ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ, ನಾನೇ ಫಲಿತಾಂಶ ಒಯ್ದೆ. ಹನ್ನೊಂದು ಪಾಯಿಂಟ್ ಮೂರು. ಬಸುರಿಯರಿಗೆ ಹನ್ನೊಂದರ ಮೇಲಿದ್ದರೆ ನಾರ್ಮಲ್. ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದ್ದೆ: "ನಾರ್ಮಲ್ ಕಣೇ. ಸ್ವಲ್ಪ ಮೈ ಬಗ್ಗಿಸು, ಎಲ್ಲಾ ಸರಿಹೋಗುತ್ತೆ." ಅಂದಿನಿಂದ ಅವಳು ದೂರುವುದನ್ನು ನಿಲ್ಲಿಸಿದಳು. ಕೂರುವುದನ್ನು ನಿಲ್ಲಿಸಲಿಲ್ಲ.

ಕೊಳವೆಯಲ್ಲಿ ನನ್ನ ಬಣ್ಣ ಒಂಬತ್ತೂವರೆಗೆ ಬಂದು ಪಟ್ಟಿಗೆ ಸಮವಾಯಿತು.

ಮಾಮ ಇಣುಕಿ ನೋಡಿದರು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು. "ನನ್ನ ಕಣ್ಣಿಗೂ ಅಷ್ಟೇ," ಎಂದು ಕೂತರು.

ಅವತ್ತು ಬಸುರಿಯರ ತಪಾಸಣೆಯ ದಿನ. ಬೆಳಗಿನ ನಲವತ್ತೊಂದು ರಕ್ತದ ಕೊಳವೆಗಳು ಇನ್ನೂ ಸ್ಟ್ಯಾಂಡಿನಲ್ಲೇ ಇದ್ದವು, ಎಲ್ಲ ನೇರಳೆ ಮುಚ್ಚಳದವು. ಹದಿನೆಂಟನೆಯದು ಪುಟ್ಟಿಯದು. ಬೆಳಿಗ್ಗೆ ನಾನೇ ತೆಗೆದಿದ್ದೆ. ಯಂತ್ರ ಅದಕ್ಕೆ ಹನ್ನೊಂದು ಪಾಯಿಂಟ್ ಎರಡು ಕೊಟ್ಟು, ಕಾಗದ ಆಗಲೇ ಬಸುರಿಯರನ್ನು ನೋಡುವ ಡಾಕ್ಟರಮ್ಮನ ಮೇಜಿಗೆ ಹೋಗಿ, ಅವರು ಚೀಟಿಯಲ್ಲಿ ಏನೂ ತೊಂದರೆಯಿಲ್ಲ ಎಂದು ಗೀಚಿಯೂ ಆಗಿತ್ತು. ಅದರಿಂದ ಒಂದು ಹನಿ ಆಮ್ಲದಲ್ಲಿ ಬೆರೆಸಿ ಇನ್ನೊಂದು ಹತ್ತು ನಿಮಿಷ ಕಾದೆ. ನೀರು ಹಾಕಿದೆ, ಕಲಕಿದೆ, ಇನ್ನೊಂದು ಹನಿ ಹಾಕಿದೆ. ಎಂಟರ ಗೆರೆಗೆ ಬರುವಷ್ಟರಲ್ಲಿ ಬಣ್ಣ ಸಮವಾಗಿಬಿಟ್ಟಿತ್ತು. ಮುಂದಿನ ಹನಿಗೆ ನನ್ನ ಕೈ ಹೋಗಲಿಲ್ಲ.

ಹೆರಿಗೆಯಲ್ಲಿ ಎಷ್ಟು ರಕ್ತ ಹೋಗುತ್ತದೆ ಎನ್ನುವುದು ಈ ಕಟ್ಟಡದಲ್ಲಿ ನೆಲ ಒರೆಸುವವರಿಗೂ ಗೊತ್ತು. ಎಂಟು ಇಟ್ಟುಕೊಂಡು ಹೆರಿಗೆ ಕೋಣೆಗೆ ಹೋದವಳಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಅವಳು ಹೊರಗೆ ಮೊಗಸಾಲೆಯ ಬೆಂಚಿನಲ್ಲಿ ನನಗಾಗಿ ಕಾಯುತ್ತ, ಗೋಡೆಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ತುಟಿಗೆ ಗೋಡೆಯ ಸುಣ್ಣದ ಬಣ್ಣ. ಇದನ್ನು ನಾನು ದಿನಾ ನೋಡುತ್ತಿದ್ದೆ, ದಿನಾ ಅಂಕಿಯನ್ನು ನಂಬುತ್ತಿದ್ದೆ. ಭುಜ ಅಲುಗಿಸಿದೆ.

"ಎದ್ದೆ ಅಕ್ಕ, ಎದ್ದೆ," ಎಂದಳು ಕಣ್ಣು ತೆರೆಯುವ ಮೊದಲೇ. ಮನೆಯಲ್ಲಿ ಕಲಿತದ್ದು.

"ಕೂತ್ಕೋ. ನಿನ್ನ ರಿಪೋರ್ಟ್ ತಪ್ಪು. ಇವತ್ತಿಂದೂ ತಪ್ಪು, ಹಿಂದಿಂದೂ ತಪ್ಪು. ಯಂತ್ರ ಜಾಸ್ತಿ ತೋರಿಸ್ತಿತ್ತು. ನಿನಗೆ ರಕ್ತಹೀನತೆ ಇದೆ."

ಆ ಪದವನ್ನು ನಾನು ಹೇಳಬಾರದು. ಹೇಳಿಯಾಗಿತ್ತು.

ಅವಳು ತನ್ನ ಹೊಟ್ಟೆಯನ್ನು ನೋಡಿಕೊಂಡಳು. "ಅಂದ್ರೆ ರಕ್ತ ಇಲ್ಲ ಅಂತಾನಾ ಅಕ್ಕ?"

"ಹೆಸರು ಹಾಗಿದೆ, ಅಷ್ಟೆ. ರಕ್ತ ಇದೆ, ಇರಬೇಕಾದಷ್ಟೇ ಇದೆ. ಅದರಲ್ಲಿ ಉಸಿರು ಹೊರೋ ಕೆಂಪು ಕಡಿಮೆ. ನೀನು ಎಷ್ಟು ಉಸಿರಾಡಿದ್ರೂ ಕೈಕಾಲಿಗೆ ತಲುಪಲ್ಲ. ಅದಕ್ಕೇ ಸುಸ್ತು, ಅದಕ್ಕೇ ಕೂರೋದು."

"ಹಾಗಾದ್ರೆ ನಾನು ಸೋಮಾರಿ ಅಲ್ಲ."

ಪ್ರಶ್ನೆಯ ಹಾಗೆ ಹೇಳಲಿಲ್ಲ. ಕಳೆದುಹೋಗಿದ್ದ ಚೀಲ ಸಿಕ್ಕಿತು ಎನ್ನುವಷ್ಟು ಸಪ್ಪೆಯಾಗಿ ಹೇಳಿದಳು. "ಅಲ್ಲ," ಎಂದೆ.

"ಇದನ್ನ ಅತ್ತೆ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಊಟದ ಹೊತ್ತಿಗೆ ಹೇಳು. ಎಲ್ಲರೂ ಇರ್ತಾರೆ." ಆಮೇಲೆ ನನ್ನ ಮುಖ ನೋಡಿ, "ನೀನೂ ಬಿಳುಚಿಕೊಂಡಿದ್ದೀಯಲ್ಲ," ಎಂದಳು.

"ನನಗೂ ಇದೆ. ನನ್ನಿಂದಲೇ ಇದೆಲ್ಲ ಆದದ್ದು." ಮಾಮ, ಗುಣಕ, ಎಂಟು ಗಂಟೆಯ ಎರಡು ಮಿಲಿ, ಎಲ್ಲವನ್ನೂ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

"ಅಲ್ಲ ಅಕ್ಕ, ಊರನ್ನೆಲ್ಲ ಅಳೆಯೋಕೆ ನಿನ್ನನ್ನ ಇಟ್ಕೊಂಡಿದ್ರಾ? ನಮ್ಮನೇಲಿ ನಿನ್ನ ಕೈಲಿ ಉಪ್ಪು ಅಳೆಸಲ್ಲ." ನಕ್ಕದ್ದಕ್ಕೇ ಅವಳಿಗೆ ಏದುಸಿರು ಬಂತು. ಸುಧಾರಿಸಿಕೊಂಡು ಬೆಂಚಿನ ಖಾಲಿ ಜಾಗವನ್ನು ತೋರಿಸಿದಳು. "ಇಲ್ಲಿ ಒಬ್ಬಳು ಕೂತಿದ್ದಳು. ನನಗಿಂತ ಸಣ್ಣವಳು. ತುಂಬಿದ ದಿನ, ಮುಂದಿನ ವಾರ ಹೆರಿಗೆಯಂತೆ. ಬಾಗಿಲಿಗೆ ಹೋಗೋಷ್ಟರಲ್ಲಿ ಎರಡು ಸಲ ಕೂತಳು. ನಾರ್ಮಲ್ ಅಂತ ಹೇಳಿದ್ರಂತೆ, ಖುಷಿಯಾಗಿ ಬಸ್ಸಿಗೆ ಹೋದಳು."

ನಾನು ಎದ್ದೆ. ಕಣ್ಣು ಕತ್ತಲಿಟ್ಟಿತು, ಬೆಂಚು ಹಿಡಿದು ನಿಂತು ಅದು ತಿಳಿಯಾದ ಮೇಲೆ ಒಳಗೆ ಹೋದೆ. ಪುಟ್ಟಿಯನ್ನು ಡಾಕ್ಟರಮ್ಮನ ಕೋಣೆಗೆ ಕಳಿಸಿ, ಗಾಜಿನ ಕೊಳವೆಯನ್ನೂ ಕೈಯಲ್ಲಿ ಕೊಟ್ಟು ಮಾಮನನ್ನು ಜೊತೆಗೆ ಅಟ್ಟಿದೆ. ಆಮೇಲೆ ದಾಖಲೆ ಪುಸ್ತಕಗಳನ್ನು ಮೇಜಿನ ಮೇಲೆ ಹರವಿಕೊಂಡೆ. ಏಳು ತಿಂಗಳಲ್ಲಿ ಆ ಯಂತ್ರದಿಂದ ನಾರ್ಮಲ್ ಎಂದು ಹೇಳಿಸಿಕೊಂಡು ಹೋದ, ಇನ್ನೂ ಹೆರಿಗೆಯಾಗದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಬೇರೆ ಹಾಳೆಗೆ ಇಳಿಸಿದೆ. ನಾಲ್ಕು ನೂರ ಹದಿನಾರು. ಫೋನ್ ನಂಬರು ಇದ್ದವರು ಮುನ್ನೂರ ಐವತ್ತರ ಆಸುಪಾಸು. ಬರೆಯುತ್ತಿದ್ದ ಹಾಗೆ ಎರಡು ಸಲ ಪೆನ್ನು ಕೈಯಿಂದ ಜಾರಿತು.

ನಮ್ಮ ಮುಖ್ಯಸ್ಥರು ಕೆಟ್ಟವರಲ್ಲ. ಹಾಳೆಗಳನ್ನು ಹಿಡಿದು ಹೋದಾಗ ಮೊದಲು ಕುರ್ಚಿ ತೋರಿಸಿದರು. ಮಾಮ ಆಗಲೇ ಎಲ್ಲ ಹೇಳಿಬಿಟ್ಟಿದ್ದರು. ಮುಖ್ಯಸ್ಥರ ಕಣ್ಣಿನ ಕೆಳಗೂ ಚೀಲಗಳು ಜೋತಿದ್ದವು. ಈ ಕಟ್ಟಡದಲ್ಲಿ ಯಾರಿಗೂ ನಿದ್ದೆ ಸಾಕಾಗುವುದಿಲ್ಲ.

"ನಿನ್ನ ಓರಗಿತ್ತಿಗೆ ಇವತ್ತೇ ಚಿಕಿತ್ಸೆ ಶುರು ಮಾಡ್ತಾರೆ. ನಾನೇ ಫೋನ್ ಮಾಡಿದೆ."

"ಗೊತ್ತಾಯ್ತು ಸಾರ್. ತುಂಬಾ ಉಪಕಾರ ಆಯ್ತು."

"ಬೇರೆ ಆಸ್ಪತ್ರೆಯಿಂದ ಒಂದು ಬಾಟಲಿ ಸಾಲ ತರಿಸ್ತಿದ್ದೀನಿ, ಸಂಜೆಯೊಳಗೆ ಯಂತ್ರ ಸರಿಯಾಗುತ್ತೆ. ನಾಳೆಯಿಂದ ಬಂದವರಿಗೆಲ್ಲ ಸರಿಯಾದ ಅಂಕಿ."

"ಬಂದವರಿಗೆ," ಎಂದೆ. "ಇವರು ಬರಲ್ಲ ಸಾರ್. ಇವರಿಗೆ ನಾವು ಚೆನ್ನಾಗಿದ್ದೀರಿ ಅಂತ ಹೇಳಿ ಕಳಿಸಿದ್ದೀವಿ. ಹೆರಿಗೆಗೇ ಬರೋದು."

ಅವರು ಹಾಳೆಗಳನ್ನು ತಿರುವಿದರು. "ನಾಲ್ಕು ನೂರು ಜನ. ಫೋನ್ ಮಾಡಿ ಏನು ಹೇಳ್ತೀಯ? ನಮ್ಮ ಯಂತ್ರ ನಮ್ಮ ಹುಡುಗಿಯ ರಕ್ತ ನೋಡಿ ಕೆಡ್ತು ಅಂತಲಾ? ನಾಳೆ ಬಾಗಿಲ ಮುಂದೆ ಗಂಡಂದಿರು ನಿಂತಿರ್ತಾರೆ. ಮಾಮನಿಗೆ ಇನ್ನು ಮೂರು ವರ್ಷ ಸರ್ವಿಸ್ ಇದೆ. ಅವರ ಪುಸ್ತಕ ಯಾರಾದ್ರೂ ನೋಡಿದ್ರೆ ಏನಾಗುತ್ತೆ, ಯೋಚನೆ ಮಾಡಿದ್ದೀಯಾ?"

ಯೋಚನೆ ಮಾಡಿದ್ದೆ.

"ಮರುಪರೀಕ್ಷೆಗೆ ಬನ್ನಿ ಅಂತೀನಿ. ಯಾಕೆ ಅಂದ್ರೆ ನಮ್ಮ ಅಂಕಿ ತಪ್ಪಿತ್ತು ಅಂತೀನಿ. ಮುಂದಿನ ವಾರ ಹೆರಿಗೆ ಇರೋವರು ಒಂಬತ್ತು ಜನ ಇದ್ದಾರೆ. ಅವರಿಗೆ ಇವತ್ತೇ ಮಾಡಬೇಕು."

ಅವರು ಹಾಳೆಗಳನ್ನು ಜೋಡಿಸಿ ತಮ್ಮ ಕಡೆಗೆ ಇಟ್ಟುಕೊಂಡರು. ದನಿ ಮೆತ್ತಗಾಯಿತು. "ನೋಡಮ್ಮ. ಒಂಬತ್ತೂವರೆ ಇಟ್ಕೊಂಡು ನೀನು ಹೇಗೆ ನಿಂತಿದ್ದೀಯೋ ನನಗೆ ಗೊತ್ತಿಲ್ಲ. ನೀನೀಗ ರೋಗಿ. ರಕ್ತಹೀನತೆ ಅಂತ ನಾನೇ ಬರೆದು ಸಹಿ ಮಾಡ್ತೀನಿ, ಯಾರೂ ಕೇಳಲ್ಲ. ಒಂದು ತಿಂಗಳು ರಜೆ, ಪೂರ್ತಿ ಸಂಬಳ. ಮೇಲಿನ ವಾರ್ಡಲ್ಲಿ ಕಿಟಕಿ ಪಕ್ಕದ ಹಾಸಿಗೆ ಖಾಲಿ ಇದೆ, ಈಗಲೇ ಹೋಗಿ ಮಲಗು, ಕಬ್ಬಿಣದ ಡ್ರಿಪ್ ಹಾಕಿಸ್ತೀನಿ. ಈ ಪಟ್ಟಿ ಇಲ್ಲಿರಲಿ. ನಾನು ನೋಡ್ಕೋತೀನಿ."

ರಜೆಯ ಅರ್ಜಿಯನ್ನು ಅವರೇ ತುಂಬಿಟ್ಟಿದ್ದರು. ನನ್ನ ಸಹಿಯ ಜಾಗ ಮಾತ್ರ ಖಾಲಿ. ಅದರ ಮೇಲೆ ಪೆನ್ನಿಟ್ಟು ನನ್ನತ್ತ ಸರಿಸಿದರು.

ಆ ಹಾಸಿಗೆ ನನಗೆ ಗೊತ್ತು. ಬಿಳಿ ಚಾದರ, ಬೆಳಗಿನ ಬಿಸಿಲು ಕಾಲಿನ ಕಡೆ ಬೀಳುತ್ತದೆ, ಮಧ್ಯಾಹ್ನ ಯಾರೂ ಬಂದು ಎಬ್ಬಿಸುವುದಿಲ್ಲ. ಒಂದು ತಿಂಗಳು ಯಾರೂ ಎಬ್ಬಿಸುವುದಿಲ್ಲ. ನನ್ನ ಮೈಯ ಒಂದೊಂದು ಮೂಳೆಯೂ ಆ ಮಾತನ್ನು ಕೇಳಿಸಿಕೊಂಡಿತು. ಅವರು ಮೋಸ ಮಾಡುತ್ತಿರಲಿಲ್ಲ, ನಿಜವಾಗಿಯೂ ನನಗಾಗಿ ಮರುಗಿದ್ದರು, ಅದೇ ಕಷ್ಟವಾಗಿತ್ತು. ನೋಡ್ಕೋತೀನಿ ಎಂದದ್ದನ್ನೂ ಮನಸಾರೆ ಹೇಳಿದ್ದರು. ಬಾಟಲಿಯ ಬಗ್ಗೆಯೂ ಏಳು ತಿಂಗಳು ಹಾಗೆಯೇ ಮನಸಾರೆ ಹೇಳಿದ್ದರು.

ಕೈ ಚಾಚಿ ಅವರ ಮುಂದಿದ್ದ ಹಾಳೆಗಳನ್ನು ಎಳೆದುಕೊಂಡೆ. ಅವರು ತಡೆಯಲಿಲ್ಲ.

"ಮಲಗಮ್ಮ ಮೊದಲು," ಎಂದರು. "ಸಹಿ ಮಾಡು."

"ಬೇಡ ಸಾರ್," ಎಂದೆ. "ನನಗೆ ರಜೆ ಬೇಡ."